ಹಗ್ಗ ಕಲಿಯುವ ತನಕ

ನಾಯಿಮರಿ ನಮ್ಮದಲ್ಲ ಎಂಬುದು ಮೊದಲ ದಿನವೇ ತೀರ್ಮಾನವಾಗಿತ್ತು. ಸಿರ್ಗಾಪುರದಲ್ಲಿ ಹೊಲ ಮಾಡಿಕೊಂಡಿರುವ ನಮ್ಮ ಅತ್ತೆಯ ತಮ್ಮನಿಗೆ ಕಾವಲಿಗೆ ಒಂದು ನಾಯಿ ಬೇಕಿತ್ತು. ನಮ್ಮ ಮನೆಯವರ ಗೆಳೆಯರೊಬ್ಬರ ತಾಂಡೂರಿನ ಮನೆಯಲ್ಲಿ ನಾಯಿ ಮರಿ ಹಾಕಿತ್ತು. ಇವರು ಒಂದು ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಜಹೀರಾಬಾದಿನ ನಮ್ಮ ಮನೆಗೆ ತಂದರು. ಸಿರ್ಗಾಪುರದ ಆ ಮಾವ ಒಯ್ಯಲೆಂದು ಬಂದವರು ಅದನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಮತ್ತೆ ಪೆಟ್ಟಿಗೆಯಲ್ಲೇ ಇಟ್ಟುಬಿಟ್ಟರು.

"ಇದು ಭಾಳ ಸಣ್ಣದದ. ನಮ್ಮ ಕಡಿ ಟ್ರ್ಯಾಕ್ಟರ್ ತಿರಗ್ತಾವ, ಹಗ್ಗದಾಗ ನಡಿಯಾಕ ಬರಲಾರದ ನಾಯಿ ಗಾಲ್ಯಾಗ ಸಿಗ್ತದ. ಜರಾ ದೊಡ್ಡದು ಮಾಡ್ರಿ, ಹಗ್ಗ ಕಲಿಸ್ರಿ. ಕಲ್ತ ಕೂಡ್ಲೆ ಒಂದು ಫೋನ್ ಹಚ್ಚರಿ, ಬಂದು ಒಯ್ತೀನಿ" ಎಂದರು.

"ಅಲ್ಲೀತನಕ ಹೆಸರು ಗಿಸರು ಇಡಬ್ಯಾಡ್ರಿ" ಎಂದು ಅತ್ತೆ ಒಳಗಿನಿಂದಲೇ ಕೂಗಿದರು. "ಹೆಸರಿಟ್ಟರ ಮನ್ಯಾಗೇ ಉಳೀತದ!"

ಹಾಗಾಗಿ ಅದು ಬರೀ ಮರಿಯಾಗಿ ಉಳಿಯಿತು. ಅತ್ತೆಯ ಮಡಿ ಅಂದರೆ ಸಾಮಾನ್ಯದ್ದಲ್ಲ. ಸ್ನಾನವಾದ ಮೇಲೆ ಪೂಜೆ ಮುಗಿಯುವವರೆಗೆ ನಾವೇ ಅವರನ್ನು ಮುಟ್ಟುವ ಹಾಗಿಲ್ಲ, ಇನ್ನು ನಾಯಿಯ ಮಾತೆಲ್ಲಿ ಬಂತು! ಮರಿಗೆ ಅಂಗಳ ಮತ್ತು ಮೆಟ್ಟಿಲ ಕೆಳಗಿನ ಜಾಗ, ಅಷ್ಟೇ. ಹೊಸ್ತಿಲಿನ ಮೇಲೆ ಅದು ಗದ್ದವಿಟ್ಟು ಮಲಗಿದರೂ ಒಳಗಿನಿಂದ "ಹಚಾ" ಎಂಬ ಕೂಗು ಕೇಳುತ್ತಿತ್ತು.

ಹಗ್ಗ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಏಳನೇ ತರಗತಿಯ ಮಕ್ಕಳಿಗೆ ಬೀಜಗಣಿತ ತಲೆಗೆ ಹತ್ತಿಸುವವಳಿಗೆ ಒಂದು ನಾಯಿಮರಿ ಯಾವ ಲೆಕ್ಕ ಅಂದುಕೊಂಡಿದ್ದೆ. ಕೆಂಪು ಕೊರಳಪಟ್ಟಿ, ನೀಲಿ ನೈಲಾನ್ ಹಗ್ಗ ತಂದೆ. ಪಟ್ಟಿ ಕಟ್ಟಿ, ಹಗ್ಗ ಸಿಕ್ಕಿಸಿ, ಗೇಟು ತೆರೆದು, "ನಡಿ" ಎಂದೆ. ಮರಿ ನಾಲ್ಕೂ ಕಾಲು ಚಾಚಿ ರಸ್ತೆಯ ಮೇಲೆ ಮಲಗಿಬಿಟ್ಟಿತು.

ಜಗ್ಗಿದೆ. ಹೊಟ್ಟೆಯ ಮೇಲೇ ಜಾರುತ್ತ ಬಂತೇ ಹೊರತು ಏಳಲಿಲ್ಲ. ರೊಟ್ಟಿ ಚೂರು ತೋರಿಸಿದೆ. ಮಲಗಿದಲ್ಲೇ ಕತ್ತು ಚಾಚಿ ತಿಂದಿತು. ಅಷ್ಟರಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ಹಾಡು ಹಾಕಿಕೊಂಡು ಬಂತು ನೋಡಿ, ಮರಿ ಹಿಂದಕ್ಕೆ ಹಿಂದಕ್ಕೆ ಸರಿದು, ಪಟ್ಟಿಯಿಂದ ತಲೆ ಬಿಡಿಸಿಕೊಂಡು, ಗೇಟಿನ ಸಂದಿಯಲ್ಲಿ ತೂರಿ ಮೆಟ್ಟಿಲ ಕೆಳಗೆ ಓಡಿತು. ಖಾಲಿ ಪಟ್ಟಿ, ಹಗ್ಗ ಹಿಡಿದುಕೊಂಡು ನಾನು ನಡುರಸ್ತೆಯಲ್ಲಿ ನಿಂತಿದ್ದೆ.

"ಟೀಚರಮ್ಮಾ, ಹಗ್ಗಕ್ಕ ವಾಕಿಂಗ್ ಮಾಡಸ್ಲಾಕ ಹೊಂಟೀರೇನ್ರಿ?" ಎಂದು ಎದುರಿನ ಕಿರಾಣಿ ಅಂಗಡಿಯವರು ಕೇಳಿದರು. ಅಂಗಡಿಗೆ ಬಂದವರೆಲ್ಲ ನಕ್ಕರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಧಡ್ ಅಂತ ಗೇಟು ಹಾಕಿಕೊಂಡು ಒಳಗೆ ಹೋದೆ.

ದಿನಾ ಇದೇ ಕತೆಯಾಯಿತು. ಓಣಿಯಲ್ಲಿ ಸಲಹೆ ಕೊಡದವರೇ ಇಲ್ಲ. ಒಬ್ಬರು ತೆಲುಗಿನಲ್ಲಿ "ರಾ ರಾ" ಎಂದು ಕರೆದರೆ, ಇನ್ನೊಬ್ಬರು ಉರ್ದುವಿನಲ್ಲಿ "ಚಲ್ ಬೇಟಾ" ಎಂದು ರಮಿಸಿದರು. ನಾನು ಫೋನಿನಲ್ಲಿ ವಿಡಿಯೋ ನೋಡಿ ಇಂಗ್ಲಿಷಿನಲ್ಲೂ ಹೇಳಿ ನೋಡಿದೆ. ಮರಿ ಎಲ್ಲ ಭಾಷೆಯಲ್ಲೂ ಮಲಗಿತು. ಸಿಟ್ಟು ಬರುತ್ತಿತ್ತು ನಿಜ, ಆದರೆ ರಾತ್ರಿ ಉಂಡು ಬಂದು ಮೆಟ್ಟಿಲ ಮೇಲೆ ಕೂತರೆ ಅದು ಬಂದು ನನ್ನ ಪಾದದ ಮೇಲೆ ತಲೆಯಿಟ್ಟು ಮಲಗುತ್ತಿತ್ತು. ಆ ಬಿಸಿ ಹೊಟ್ಟೆ ಪಾದಕ್ಕೆ ತಾಗಿದರೆ ನನ್ನ ಸಿಟ್ಟೆಲ್ಲ ಎಲ್ಲಿ ಹೋಗುತ್ತಿತ್ತೋ. ಕಲಿಯದಿದ್ದರೆ ಬೇಡ ಬಿಡು, ಕಲಿತರೆ ತಾನೇ ಸಿರ್ಗಾಪುರ ಎಂದು ಅದರ ಕಿವಿಯಲ್ಲೇ ಹೇಳಿದ್ದೂ ಉಂಟು.

ಒಂದು ಮುಂಜಾನೆ ಶಾಲೆಯಲ್ಲಿ ಪರೀಕ್ಷೆ ಇತ್ತು. ಮರಿಯನ್ನು ಹಗ್ಗ ಹಾಕಿ ಗೇಟಿಗೆ ಕಟ್ಟಿ, ಬುತ್ತಿ ಕಟ್ಟಿಕೊಳ್ಳಲು ಒಳಗೆ ಬಂದೆ. ಅದು ಓಣಿಯೇ ಎದ್ದು ಕೂರುವಂತೆ ಕಿರುಚತೊಡಗಿತು. ಅತ್ತೆ ಆಗಷ್ಟೇ ಸ್ನಾನ ಮಾಡಿ, ಹೂಬುಟ್ಟಿ ಹಿಡಿದು ಹೊರಟಿದ್ದರು. ದಿನಾ ಬೆಳಗ್ಗೆ ಓಣಿಯ ಕಾಂಪೌಂಡುಗಳ ಮೇಲಿಂದ ರಸ್ತೆಗೆ ಬಾಗಿದ ಹೂವೆಲ್ಲ ಅವರ ದೇವರಿಗೆ ಸೇರಬೇಕು, ಅದು ಅವರ ಕಾನೂನು.

"ಏ ಪೀಡೆ, ಸುಮ್ನಿರ್ತೀಯೋ ಇಲ್ಲೋ!" ಎಂದು ಗದರಿದರು. ಅದು ಇನ್ನೂ ಕಿರುಚಿತು. ಅತ್ತೆ ಹಗ್ಗವನ್ನು ಬಗ್ಗಿ ನೋಡಿದರು, ನನ್ನನ್ನು ನೋಡಿದರು. "ಇದು ಹತ್ತೀದೇನು?"

"ಅಲ್ರೀ ಅತ್ತಿ, ನೈಲಾನ್."

"ಮತ್ತ ಆತಲ್ಲ. ನೈಲಾನಕ್ಕ ಮೈಲಿಗಿ ಹತ್ತಂಗಿಲ್ಲ." ಯಾವ ಶಾಸ್ತ್ರದಲ್ಲಿದೆಯೋ, ದೇವರಿಗೇ ಗೊತ್ತು. ಗೇಟಿನಿಂದ ಹಗ್ಗ ಬಿಚ್ಚಿ, ಅದರ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಟೇಬಿಟ್ಟರು.

ನಾನು ಬುತ್ತಿ ಬಿಟ್ಟು ಗೇಟಿಗೆ ಓಡಿದೆ. ಮರಿ ನಡೆಯುತ್ತಿತ್ತು! ಅತ್ತೆ ಒಮ್ಮೆಯೂ ಜಗ್ಗಲಿಲ್ಲ. ಜಗ್ಗಿದರೆ ಅದು ಹಾರಿ ಬಂದು ಸೀರೆಗೆ ತಾಗೀತು ಎಂಬ ಹೆದರಿಕೆ ಅವರಿಗೆ. ಅದು ಹತ್ತಿರ ಬಂದರೆ ತಾವೇ ದೂರ ಸರಿಯುತ್ತಿದ್ದರು, ದೂರ ಹೋದರೆ ಕೈ ಚಾಚಿ ಹಗ್ಗ ಸಡಿಲ ಬಿಡುತ್ತಿದ್ದರು. ಹಗ್ಗ ಇಬ್ಬರ ನಡುವೆ ಜೋತಾಡುತ್ತಲೇ ಇತ್ತು. ಅವರು ದಾಸವಾಳದ ಕೊಂಬೆ ಬಗ್ಗಿಸುವಾಗ ಅದು ಗೋಡೆಯ ಬುಡ ಮೂಸುತ್ತಿತ್ತು. ಕಣಗಿಲೆ ಕೀಳುವಾಗ ಮಣ್ಣು ಕೆದರುತ್ತಿತ್ತು. ಅತ್ತೆಗೆ ಅವಸರವಿಲ್ಲ, ಅದಕ್ಕೂ ಇಲ್ಲ. ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಮಾತ್ರ ಅದು ನಡುಗುತ್ತ ಕೂತಿತು. ಅತ್ತೆ ದಾರಿ ಬಿಟ್ಟು ನಿಂತು, "ಹೋಗ್ಲಿ ತಗೋ, ನಮಗೇನು ಅವಸರ ಅದ?" ಎಂದರು. ಟ್ರ್ಯಾಕ್ಟರ್ ಹೋದ ಮೇಲೆ ಎರಡೂ ಜೀವಗಳು ಮುಂದೆ ನಡೆದವು.

ನನಗೆ ಎಷ್ಟು ಖುಷಿಯಾಯಿತೆಂದರೆ ಶಾಲೆಗೆ ತಡವಾಗಿ ಹೋಗಿ ಬೈಸಿಕೊಂಡದ್ದೂ ಲೆಕ್ಕಕ್ಕೆ ಬರಲಿಲ್ಲ.

ಆಮೇಲೆ ಅದೇ ದಿನಚರಿಯಾಯಿತು. ಬಚ್ಚಲಲ್ಲಿ ಅತ್ತೆಯ ತಂಬಿಗೆಯ ಸದ್ದು ಕೇಳಿದರೆ ಸಾಕು, ಮರಿ ತಾನೇ ಹಗ್ಗ ಕಚ್ಚಿಕೊಂಡು ಗೇಟಿನ ಬಳಿ ಕುಣಿಯುತ್ತಿತ್ತು. ದಾರಿಯುದ್ದಕ್ಕೂ ಅತ್ತೆ ಅದಕ್ಕೆ ಯಾರ ಮನೆಯ ಸೊಸೆ ಎಂಥವಳು, ಯಾವ ಗೋಡೆ ಯಾವಾಗ ಕಟ್ಟಿದ್ದು ಎಂದು ಹೇಳುತ್ತ ಹೋಗುತ್ತಿದ್ದರು. ನನಗೆ ಅವರು ಅಷ್ಟು ಮಾತು ಎಂದೂ ಹೇಳಿದವರಲ್ಲ. ಪಸ್ತಾಪುರದ ರಸ್ತೆಯ ತಿರುವಿನ ಮನೆಯಾಕೆ ಮೊದಲೆಲ್ಲ ಅತ್ತೆಯ ಬುಟ್ಟಿ ಕಂಡರೆ ಮುಖ ಗಂಟಿಕ್ಕುತ್ತಿದ್ದರು. ಈಗ ಮರಿಗೆ ಬಿಸ್ಕೀಟು, ಅತ್ತೆಗೆ ಬೊಗಸೆ ತುಂಬ ನಂದಿಬಟ್ಟಲು ಹಿಡಿದು ತಾವೇ ಗೇಟಿನಲ್ಲಿ ಕಾಯತೊಡಗಿದರು.

"ಈ ಪೀಡೆ ಬಂದಾಗಿಂದ ನನಗ ಒಂದು ಘಳಿಗಿ ಪುರಸೊತ್ತಿಲ್ಲ" ಎಂದು ಮನೆಗೆ ಬಂದು ದೂರುವಾಗ ಅತ್ತೆಯ ಮುಖ ಇಷ್ಟಗಲ ಆಗಿರುತ್ತಿತ್ತು.

ಮಾವ ನಡುನಡುವೆ ಫೋನ್ ಮಾಡುತ್ತಿದ್ದರು. "ಹಗ್ಗ ಕಲೀತೇನವಾ?" ಎಂದರೆ, ನಾನು "ಎಲ್ಲೀದ್ರಿ ಮಾವ, ಮಲ್ಕೋತದ ನೋಡ್ರಿ" ಎಂದು ಕಣ್ಣು ಮಿಟುಕಿಸದೆ ಹೇಳುತ್ತಿದ್ದೆ. ಒಂದು ಸಂಜೆ ಫೋನು ಅತ್ತೆಯ ಕೈಗೆ ಸಿಕ್ಕಿತು.

"ಕಲೀದೇ ಏನು? ಬರೋಬ್ಬರಿ ನಡೀತದ!" ಅತ್ತೆಯ ದನಿ ಏರಿತು. "ಯಾರು ಕಲಿಸ್ಯಾರ ಅಂತೀ? ನಾನು! ಈ ಟೀಚರಮ್ಮನ ಕೈಯಾಗ ಆಗಲಿಲ್ಲ. ಟ್ರ್ಯಾಕ್ಟರ್ ಬಂದರೂ ಜಗ್ಗಂಗಿಲ್ಲೋ ತಮ್ಮಾ, ಮನುಷ್ಯಾರಗಿಂತ ಚೊಲೋ ನಡೀತದ!"

ಆ ಕಡೆಯಿಂದ ಮಾವ ಏನೋ ಹೇಳಿದರು. ಅತ್ತೆ ನಾಲಿಗೆ ಕಚ್ಚಿಕೊಂಡರು. ಫೋನ್ ಇಟ್ಟು, "ಐತವಾರ ಬರ್ತಾನಂತ, ಒಯ್ಯಾಕ" ಎಂದರು.

"ಸುಮ್ನಿರಾಕ ಆಗ್ಲಿಲ್ಲೇನ್ರಿ ನಿಮಗ?" ಎಂದುಬಿಟ್ಟೆ. ಅತ್ತೆಗೆ ಎದುರಾಡಿದ್ದಕ್ಕೆ ಬೇರೆ ದಿನವಾಗಿದ್ದರೆ ಮನೆ ಎರಡಾಗುತ್ತಿತ್ತು. ಅಂದು ಅವರು ಅಂಗಳಕ್ಕೆ ಹೋಗಿ ಹಗ್ಗದ ಸಿಕ್ಕು ಬಿಡಿಸುತ್ತ ಕೂತರು. ಭಾನುವಾರದವರೆಗೆ ನಾವಿಬ್ಬರೂ ಬೇಕಾದಷ್ಟಕ್ಕೆ ಮಾತ್ರ ಮಾತಾಡಿದೆವು.

ಮಾವ ಸಿರ್ಗಾಪುರದಿಂದ ಮೊದಲ ಬಸ್ಸಿಗೇ ಬಂದಿಳಿದರು. ಅತ್ತೆ ಆಗಲೇ ಸ್ನಾನ ಮುಗಿಸಿ, ಹೂಬುಟ್ಟಿ ಹಿಡಿದು ಗೇಟಿನಲ್ಲಿದ್ದರು. ಹಗ್ಗ ಮಾತ್ರ ಹಿಡಿದಿರಲಿಲ್ಲ. ಮಾವ ಹಗ್ಗ ತೆಗೆದುಕೊಂಡು, "ಎಲ್ಲಿ, ನೋಡೋಣು" ಎಂದು ರಸ್ತೆಗಿಳಿದರು. ಮಲಗು, ಈಗಲಾದರೂ ಕಾಲು ಚಾಚಿ ಮಲಗು ಮಾರಾಯಾ ಎಂದು ನಾನು ಮನಸ್ಸಿನಲ್ಲೇ ಅಂಗಲಾಚಿದೆ.

ಮಲಗಲಿಲ್ಲ. ಬಾಲ ಮೇಲೆತ್ತಿಕೊಂಡು, ಕಿವಿ ಕುಣಿಸುತ್ತ, ಅವರ ಪಕ್ಕದಲ್ಲೇ ಓಣಿಯ ತುದಿಯವರೆಗೂ ನಡೆದು ಹೋಯಿತು. ತಿರುಗಿಯೂ ನೋಡಲಿಲ್ಲ. ಆಹಾ, ಎಂಥ ನಡಿಗೆ! ಕಣ್ಣಲ್ಲಿ ನೀರು ತುಂಬಿದ್ದರೂ ನನಗೆ ಅದರ ಮೇಲೆ ಹೆಮ್ಮೆಯೇ ಆಯಿತು. ತುದಿಯಿಂದ ವಾಪಸು ಬರುವಾಗಲೂ ಹಾಗೆಯೇ, ಹಗ್ಗ ನೆಲಕ್ಕೆ ತಾಗುವಷ್ಟು ಜೋತುಬಿದ್ದಿತ್ತು.

"ಅಕ್ಕಾ, ಬಂಗಾರದಂಥಾದ್ದು ಅದ!" ಎಂದರು ಮಾವ. "ಇವತ್ತೇ ಒಯ್ತೀನಿ."

"ಇದಕ್ಕ ನಡಿಯಾಕ ಬರ್ತದ ಅಂತೀ?" ಎಂದರು ಅತ್ತೆ. "ಮಣ್ಣು ಬರ್ತದ! ಹೆಂಗ ಜಗ್ಗಾಕತ್ತದ ನೋಡಲ್ಲಿ."

ಮಾವ ಜೋತುಬಿದ್ದ ಹಗ್ಗ ನೋಡಿದರು. ಆಮೇಲೆ ಅಕ್ಕನ ಮುಖ ನೋಡಿದರು. ಅಷ್ಟರಲ್ಲಿ ಮರಿ ಎರಡೂ ಮುಂಗಾಲೆತ್ತಿ ಅತ್ತೆಯ ಮಡಿಸೀರೆಯ ಮೇಲೆ ಇಟ್ಟಿತು. ಎರಡು ಮಣ್ಣಿನ ಹೆಜ್ಜೆ ಮೂಡಿದವು. ಅತ್ತೆ ಹಿಂದೆ ಸರಿಯಲಿಲ್ಲ, "ಹಚಾ" ಎನ್ನಲಿಲ್ಲ.

ಮಾವ ನಗು ತಡೆದುಕೊಂಡು, "ಹೌದಕ್ಕಾ, ಜಗ್ತದ. ಇನ್ನಾ ಕಲೀಬೇಕು" ಎಂದು ಹಗ್ಗವನ್ನು ಅವರ ಕೈಗಿತ್ತರು. "ಮತ್ತ ಯಾವಾಗ ಬರ್ಲಿ?"

ಅತ್ತೆ ಹಗ್ಗವನ್ನು ಮುಷ್ಟಿಗೆ ಸುತ್ತಿಕೊಂಡು, ಮೊದಲ ದಾಸವಾಳದ ಕಡೆ ಹೊರಟೇಬಿಟ್ಟಿದ್ದರು. ಹೋಗುತ್ತಲೇ ಹೇಳಿದರು:

"ನಾಯಿ ಜಾತಿ, ಲಗೂನ ಕಲಿಯಂಗಿಲ್ಲೋ ತಮ್ಮಾ. ಒಂದು ಹತ್ತು ಹನ್ನೆರಡು ವರ್ಷ ಹಿಡೀತದ."