ಹಳದಿ ಲೈಟಿನೊಳಗಿನ ಪಸೆ

ಗಾಜಿನ ಒಳಗೆ ಕಟ್ಟಿದ ಮಂಜನ್ನು ಹೊರಗಿನಿಂದ ಒರೆಸಲು ಹೋಗುವುದು ಮನುಷ್ಯನ ಹುಟ್ಟುಗುಣವೇ ಇರಬೇಕು. ಭೌತಶಾಸ್ತ್ರದಲ್ಲಿ ಪದವಿಯ ಮೇಲೆ ಪದವಿ ಪಡೆದ ನಾನೂ ಕಡಬದಲ್ಲಿ ಭಾವನ ಜೀಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ಪಂಚೆಯ ತುದಿಯಿಂದ ಒರೆಸಿದ್ದೇನೆ. ಹಿಂದೆ ಸರಿದು ನೋಡಿ, ಮತ್ತೆ ಒರೆಸಿದ್ದೇನೆ. ಓದಿದ್ದೆಲ್ಲ ನೆನಪಿಗೆ ಬಂದದ್ದು ಆಮೇಲೆ.

ಎಂಬತ್ತರ ದಶಕದ ಮೊದಲ ಭಾಗ ಅದು. ಭಾವನೆಂದರೆ ನನ್ನ ಅಕ್ಕನ ಗಂಡ. ರಬ್ಬರು, ಅಡಿಕೆ ಎಲ್ಲ ಇದ್ದರೂ ಅವರ ಜೀವ ಇದ್ದದ್ದು ಜೀಪಿನಲ್ಲಿ. ಸಂಜೆ ಪುತ್ತೂರಿನ ಬಸ್ಸಿನಿಂದ ಇಳಿದವರನ್ನು ಒಳಗಿನ ಹಳ್ಳಿಗಳಿಗೆ ಮುಟ್ಟಿಸುವುದು ಅವರ ಪಾಲಿನ ಕೆಲಸ, ಅವರ ಪಾಲಿನ ಸಂಭ್ರಮ. ಮುಂದಿನ ಸೀಟಿನಲ್ಲೇ ಎಷ್ಟು ಜನ ಹಿಡಿಸುತ್ತಿದ್ದರೆಂದರೆ, ಗೇರು ಬದಲಿಸಬೇಕಾದರೆ ಯಾರಾದರೊಬ್ಬರು ಕಾಲೆತ್ತಬೇಕಿತ್ತು.

ಒಂದು ಮಳೆಗಾಲದಲ್ಲಿ ಅವರಿಗೆ ಸಂಜೆಯ ದಾರಿ ಮಸುಕಾಗತೊಡಗಿತು. ಅಕ್ಕ ಪುತ್ತೂರಿನ ಕಣ್ಣಿನ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದಳು. ಪೊರೆ ಬರುತ್ತಿದೆ, ಇನ್ನೂ ಹಣ್ಣಾಗಿಲ್ಲ, ಹಣ್ಣಾದ ಮೇಲೆ ತೆಗೆಯೋಣ, ಅಲ್ಲಿಯವರೆಗೆ ಸಂಜೆ ಗಾಡಿ ಬಿಡಬೇಡಿ ಎಂದರಂತೆ. ಆಗಿನ ಚಿಕಿತ್ಸೆಯ ಕ್ರಮವೇ ಹಾಗಿತ್ತು. ಆದರೆ ತೋಟದವರ ಹತ್ತಿರ ಹಣ್ಣಿನ ಮಾತು ಎತ್ತಬಾರದಿತ್ತು.

“ಹಣ್ಣಾಗಿಲ್ಲ ಅಂದ್ರೆ ಎಂತ? ಕಾಯಿ,” ಎಂದರು ಭಾವ. “ಕಾಯಿಯಿಂದ ಯಾರಿಗೆ ಎಂತ ತೊಂದರೆ ಮಾರಾಯ?”

(ಈ ಮಾತುಕತೆಯೆಲ್ಲ ನಡೆದದ್ದು ತುಳುವಿನಲ್ಲಿ. ನನಗೆ ನೆನಪಾಗುವುದು ಮಾತ್ರ ಕನ್ನಡದಲ್ಲಿ. ನನ್ನ ನೆನಪನ್ನು ನಾನು ಪೂರ್ತಿ ನಂಬದಿರಲು ಇಷ್ಟೇ ಸಾಕು.)

ಹೀಗೆ ತಪ್ಪು ಕಣ್ಣಿನಿಂದ ಜೀಪಿಗೆ ವರ್ಗವಾಯಿತು. ಜೀಪಿನ ಬೆಳಕು ಸಾಲದೆಂದು ಭಾವ ಪುತ್ತೂರಿನಿಂದ ಹಳದಿ ಗಾಜಿನ ಮಂಜುದೀಪವೊಂದನ್ನು ತಂದು ಬಂಪರಿಗೆ ಕೂರಿಸಿದರು. ಅದರ ಅಡಿಯಲ್ಲಿ ಸಣ್ಣದೊಂದು ತೂತಿತ್ತು. ಕಂಪನಿಯವರು ಮುಚ್ಚಲು ಮರೆತದ್ದೆಂದು ತೀರ್ಮಾನಿಸಿ, ಅದಕ್ಕೂ ಗಾಜಿನ ಅಂಚಿಗೂ ಹಲಸಿನ ಮೇಣ ಬಳಿದರು. ನಮ್ಮ ಕಡೆ ಸೋರುವ ಕೊಡಪಾನಕ್ಕೂ ಬಕೆಟಿಗೂ ಅದೇ ಮದ್ದು. ಲೈಟೂ ಒಂದು ಬಕೆಟೇ ಎಂದುಕೊಂಡರೆ ಅವರು ಮಾಡಿದ್ದರಲ್ಲಿ ಏನೂ ತಪ್ಪಿಲ್ಲ. ವಾರ ಕಳೆಯುವುದರೊಳಗೆ ಗಾಜಿನ ಒಳಮೈ ತುಂಬ ಹನಿಗಳು.

“ನೋಡು, ದಾರಿ ಕಾಣದ್ದು ಇದಕ್ಕೇ,” ಎಂದರು ಭಾವ.

“ಅದು ಒಣಗಿದ ಮೇಲೂ ಕಾಣದಿದ್ರೆ ಕೀಲಿ ಕೊಡ್ಬೇಕು ನೀವು,” ಎಂದಳು ಅಕ್ಕ.

“ಕೊಡ್ತೇನೆ. ಜನ ತುಂಬಿದ ಜೀಪು. ಅಷ್ಟು ನಂಗೂ ಗೊತ್ತುಂಟು.”

ಪುತ್ತೂರಿನಲ್ಲಿ ಪಾಠ ಹೇಳಿಕೊಂಡಿದ್ದ ನನಗೆ ಬುಲಾವ್ ಬಂದದ್ದು ಆಗ. ಗಾಜು ಒರೆಸುವ ಪ್ರಯೋಗ ಮುಗಿದ ಮೇಲೆ ವ್ಯಾಖ್ಯಾನ ಶುರುಮಾಡಿದೆ. ದೀಪವೂ ಉಸಿರಾಡುತ್ತದೆ. ಉರಿಯುವಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ಆರಿದಾಗ ಹೊರಗಿನ ಮಳೆಗಾಳಿಯನ್ನು ಎಳೆದುಕೊಳ್ಳುತ್ತದೆ. ಎಷ್ಟು ಮೇಣ ಬಳಿದರೂ ವಯರಿನ ಸಂದಿನಲ್ಲಿ ಗಾಳಿ ನುಸುಳಿಯೇ ನುಸುಳುತ್ತದೆ. ಬಂದ ಪಸೆ ಇಳಿದುಹೋಗಲೆಂದೇ ಅಡಿಯಲ್ಲಿ ತೂತು. ನಾವು ಬಾಗಿಲು ಮುಚ್ಚಿ ನೆಂಟರು ಹೋಗುವುದಿಲ್ಲ ಎಂದು ದೂರುತ್ತಿದ್ದೇವೆ.

“ನಿಮ್ಮ ಕಾಲೇಜಿನ ಮಕ್ಕಳು ಪಾಪ, ಪ್ರೊಫೆಸರ್ರೇ,” ಎಂದರು ಭಾವ.

ಆದರೂ ಒಪ್ಪಿದರು. ತೆಂಗಿನೆಣ್ಣೆ ಸವರಿ ಮೇಣ ಬಿಡಿಸಿದೆವು. ಲೈಟು ಬಿಚ್ಚಿ ಒಲೆಯ ಪಕ್ಕ ಬೆಚ್ಚಗಿಟ್ಟೆವು. ಅಂಚಿಗೆ ಹೊಸ ರಬ್ಬರು ಸುತ್ತಿ, ಮಳೆ ಬಿಟ್ಟ ದಿನ ನೋಡಿ, ತೂತು ಕೆಳಮುಖವಾಗಿರುವಂತೆ ಮತ್ತೆ ಕೂರಿಸಿದೆವು. ಗಾಜು ತೊಳೆದ ಲೋಟದ ಹಾಗಿತ್ತು. ವಿಜ್ಞಾನ ಗೆದ್ದಿತೆಂದು ನಾನು ಬೀಗುತ್ತಿದ್ದೆ. ಗೆದ್ದರೆ ಭಾವ ಸೋಲಬೇಕಾಗುತ್ತದೆ ಎಂಬುದು ಹೊಳೆದದ್ದು ಆ ಸಂಜೆ, ಪರೀಕ್ಷೆಗೆ ಕೂತಾಗ.

ಮಬ್ಬು ಕವಿಯುವ ಹೊತ್ತು. ಭಾವ ಸ್ಟಿಯರಿಂಗ್ ಹಿಡಿದು ಕೂತು ಹಳದಿ ಲೈಟು ಹಾಕಿದರು. ಅಂಗಳದ ಆ ತುದಿಯಲ್ಲಿ, ಬೆಳಕಿನ ನಟ್ಟನಡುವೆ, ಅಕ್ಕ ನಿಂತಿದ್ದಳು.

“ಅಲ್ಲಿ ಯಾರದು? ಜನಾರ್ದನನಾ?” ಎಂದು ಕೇಳಿದರು ಭಾವ.

ಜನಾರ್ದನ ಪಕ್ಕದ ಮನೆಯವನು, ಲಾರಿ ಬಿಡುವವನು, ದಪ್ಪ ಮೀಸೆಯವನು. ನನಗೆ ನಗು ಬಂತು. ಭಾವನ ಮುಖ ನೋಡಿ ಅದು ಅಲ್ಲೇ ಇಂಗಿತು. ಅವರಿಗೂ ಗೊತ್ತಾಗಿತ್ತು.

ಅಕ್ಕ ನಿಧಾನಕ್ಕೆ ನಡೆದು ಬಂದಳು. ಬಗ್ಗಿ, ಲೈಟನ್ನು ತುಂಬ ಹೊತ್ತು ನೋಡಿದಳು. “ಒಳಗೆ ಇನ್ನೂ ಪಸೆ ಉಂಟು,” ಎಂದಳು. “ಇದನ್ನು ಬಿಚ್ಚಿಡಿ. ಸರಿ ಒಣಗುವವರೆಗೆ ಸಂಜೆಯ ಟ್ರಿಪ್ಪು ಜನಾರ್ದನ ಮಾಡ್ಲಿ.”

ಭಾವ ನನ್ನ ಕಡೆ ತಿರುಗಿದರು. “ಹೌದಾ ಪ್ರೊಫೆಸರ್ರೇ? ಉಂಟಾ?”

ನಾನು ಗಾಜಿಗೆ ಮೂಗು ತಾಗುವಷ್ಟು ಬಗ್ಗಿದೆ. ನನ್ನ ಉಸಿರಿಗೆ ಅದು ಕ್ಷಣಕಾಲ ಮಸುಕಾಯಿತು. ಉಸಿರು ತಾನಾಗಿ ಬಂದದ್ದೋ, ನಾನೇ ಬಿಟ್ಟದ್ದೋ, ಇಂದಿಗೂ ಹೇಳಲಾರೆ.

“ಉಂಟು ಭಾವ,” ಎಂದೆ. “ಸ್ವಲ್ಪ ಉಂಟು.”

ಭಾವ ಕೀಲಿ ತೆಗೆದು ಅಕ್ಕನ ಕೈಗಿಟ್ಟರು. “ಹಾಗಾದ್ರೆ ಒಣಗ್ಲಿ,” ಎಂದು ಕೆಳಗಿಳಿದು, ಸ್ಪ್ಯಾನರು ಕೇಳಿ, ತಾವೇ ಲೈಟು ಬಿಚ್ಚಿದರು.

ಅದು ಅಡುಗೆಮನೆಯ ಅಟ್ಟ ಸೇರಿತು. ಜೀಪು ಜನಾರ್ದನನ ಕೈಯಲ್ಲಿ ಓಡುತ್ತಿತ್ತು. ಭಾವ ಅವನ ಪಕ್ಕದಲ್ಲಿ ಕೂತು, ಕಾಣದ ತಿರುವುಗಳನ್ನೆಲ್ಲ ಮುಂಚಿತವಾಗಿ ಹೇಳುತ್ತಿದ್ದರು. ಲೈಟು ಒಣಗಿತೇ ಎಂದು ಯಾರಾದರೂ ಕೇಳಿದರೆ “ಈ ಮಳೆ ಒಮ್ಮೆ ಹೋಗ್ಲಿ” ಎನ್ನುವರು. ಮಳೆ ಹೋಯಿತು. ಬೇಸಗೆಯಲ್ಲಿ ಪೊರೆ ಹಣ್ಣಾಗುವುದನ್ನು ಕಾಯುತ್ತ ಜಗಲಿಯಲ್ಲಿ ಕೂತಿದ್ದವರನ್ನು ನಾನೂ ಒಮ್ಮೆ ಕೇಳಿದೆ.

“ಈ ಬಿಸಿಲಿಗೆ ಮಂಜಿನ ಲೈಟು ಯಾರಿಗೆ ಬೇಕು ಮಾರಾಯ?” ಎಂದರು ಭಾವ.

ಮಳೆಗಾಲದಲ್ಲಿ ಒಣಗದ, ಬೇಸಗೆಯಲ್ಲಿ ಬೇಕಾಗದ ಇಂಥದೊಂದು ವಸ್ತು ಮನೆಗೊಂದಾದರೂ ಇರಬೇಕು ಎಂದು ನನಗೀಗ ಅನ್ನಿಸುತ್ತದೆ. ಅದು ಒಲೆಯ ಪಕ್ಕ ಇಟ್ಟಾಗಲೇ ಒಣಗಿತ್ತು ಎನ್ನುವುದು ವಿಜ್ಞಾನ. ವಿಜ್ಞಾನಕ್ಕೇನು, ಅದು ಸಂಸಾರ ಮಾಡಬೇಕಾಗಿಲ್ಲವಲ್ಲ.