ಅಣ್ಣನ ಸೋಮವಾರ

ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ನನಗೆ ಈಗಲೂ ಅದು ಸೋಮವಾರ ಅನ್ನಿಸುತ್ತದೆ. ನಾನೀಗ ಇರುವ ಮತ್ತಿಗಿರಿಯಲ್ಲಿ ಚಳಿಗಾಲ ಬಂತೆಂದರೆ ತಳ್ಳುಗಾಡಿಗಳ ಮೇಲೆ ರಾಶಿ ಹಾಕಿ ಮಾರುತ್ತಾರೆ. ಫ್ಯಾಕ್ಟರಿ ಬಿಟ್ಟು ಬರುವಾಗ ಆ ವಾಸನೆಗೆ ಕಾಲು ತಾನಾಗಿಯೇ ನಿಲ್ಲುತ್ತದೆ. ಉದ್ದನಪಲ್ಲಿಯ ಆಚೆ, ಗಡಿಸೀಮೆಯ ಒಂದು ಸಣ್ಣ ಊರಿನಲ್ಲಿ ನನ್ನ ಅಣ್ಣ ಪಾಸ್ಟರ್ ಆಗಿದ್ದ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವನು ಅವನೇ. ಚರ್ಚಿನ ಹಿಂದೆ ಹೆಂಚಿನ ಎರಡು ಕೋಣೆ, ಮುಂದೆ ಒಂದು ಜಗಲಿ, ಅಷ್ಟೇ ನಮ್ಮ ಮನೆ. ಭಾನುವಾರ ಕನ್ನಡದಲ್ಲಿ ಬೋಧಿಸಿ, ತಮಿಳಿನಲ್ಲಿ ಹಾಡಿಸಿ, ತೆಲುಗಿನ ಅಜ್ಜಿಯರಿಗೆ ತೆಲುಗಿನಲ್ಲೇ ಪ್ರಾರ್ಥಿಸಿ, ಸಂಜೆಗೆ ಅವನ ಗಂಟಲು ಕಟ್ಟಿಹೋಗುತ್ತಿತ್ತು. ಸೋಮವಾರ ಮಾತ್ರ ಬಾಗಿಲು ಮುಂದಕ್ಕೆ ಮಾಡಿ, ಬನಿಯನ್ನಿನಲ್ಲಿ ಕೂತು, ನೆನೆಸಿದ ಅವರೆಕಾಳು ಹಿತುಕುತ್ತಾ ಹಳೆಯ ಸಿನಿಮಾ ಹಾಡು ಹೇಳುತ್ತಿದ್ದ. ಸಿಪ್ಪೆಯಿಂದ ಪುಳಕ್ಕನೆ ಹಾರುವ ಬೇಳೆ ನನ್ನ ಹಣೆಗೇ ತಾಗುವಂತೆ ಗುರಿ ಇಡುತ್ತಿದ್ದ. ತಾಗಿದರೆ ಅವನು ನಗುತ್ತಿದ್ದ ನಗು, ಆ ಮನೆಯಲ್ಲಿ ಮಿಕ್ಕ ಆರು ದಿನ ಕೇಳಿಸುತ್ತಿರಲಿಲ್ಲ.

ಜಗಲಿ ಕಾಯುವುದು ನನ್ನ ಕೆಲಸ. "ಸಾವು ನೋವು ಅಂತ ಬಂದ್ರೆ ತಕ್ಷಣ ಕರಿ. ಬೇರೆ ಏನಿದ್ರೂ ನಾಳೆ ಬನ್ನಿ ಅನ್ನು. ಆರು ದಿನ ಲೋಕ ಮಾಡಿ ದೇವ್ರೇ ಒಂದಿನ ಸುಮ್ನಿದ್ದ ಕಣ್ಲಾ, ನಾನ್ಯಾವ ದೊಡ್ಡೋನು?" ಅಂದಿದ್ದ. ನನಗೆ ಅದು ಹೇಗೆ ಅರ್ಥವಾಗಬೇಕು? ಊರಿನ ಹುಡುಗರು ನನ್ನನ್ನು ಕಂಡರೆ ಸಾಕು, "ನಿಮ್ಮಣ್ಣಂಗೇನ್ಲಾ, ವಾರಕ್ಕೊಂದಿನ ಕೂಲಿ, ಆರು ದಿನ ಹಬ್ಬ!" ಎಂದು ಆಡಿಕೊಳ್ಳುತ್ತಿದ್ದರು. ರಾತ್ರಿಯೆಲ್ಲ ಕಾಯಿಲೆಯವರ ಮಂಚದ ಪಕ್ಕ ಕೂತು ಬರುವ ಅಣ್ಣನನ್ನು ನೋಡಿಯೂ, ನನಗೆ ಅವನ ಬಗ್ಗೆ ನಾಚಿಕೆಯಾಗುತ್ತಿತ್ತು.

ಒಂದು ಸೋಮವಾರ ಚರ್ಚಿನ ಸಭೆಯ ಹಿರಿಯ ಯೋಸೇಪಪ್ಪ ಇಬ್ಬರನ್ನು ಕರೆದುಕೊಂಡು ಬಂದ. ಬಾವಿಗೆ ಹೊಸ ಮೋಟರು ಇಳಿಸುತ್ತಿದ್ದರಂತೆ, ಪ್ರಾರ್ಥನೆ ಆಗಬೇಕಂತೆ. ನಾಳೆ ಬನ್ನಿ ಅಂದೆ.

"ಯಾಕ್ಲಾ, ಪಾಸ್ಟ್ರಿಗೆ ಹುಷಾರಿಲ್ವಾ?" ಅಂದ ಯೋಸೇಪಪ್ಪ.

ಹೂಂ ಅಂದಿದ್ದರೆ ಸುಳ್ಳಾಗುತ್ತಿತ್ತು, ಸುಮ್ಮನಿದ್ದರೂ ಸಾಕಿತ್ತು. ದೊಡ್ಡವರ ಗುಂಪಿನಲ್ಲಿ ನಾನೂ ಒಬ್ಬನಾಗಬೇಕೆಂಬ ಆಸೆಗೆ, "ಗಟ್ಟಿಯಾಗವ್ನೆ. ಬನಿಯನ್ನಾಗೆ ಕುಂತ್ಕಂಡು ಸಿನಿಮಾ ಪದ ಹೇಳ್ಕಂಡು ಕಾಳು ಹಿತುಕ್ತಾವ್ನೆ" ಅಂದೆ. ಅವರು ನಕ್ಕರು. ನಾನೂ ನಕ್ಕು, ಬಾಗಿಲನ್ನು ಕಾಲಿನಿಂದ ತಳ್ಳಿದೆ. ಹಾಡು ಅರ್ಧಕ್ಕೆ ನಿಂತಿತು. ಅಣ್ಣ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದ. ಆಮೇಲೆ ಎದ್ದು ಕೈ ತೊಳೆದು ಬಿಳಿ ಅಂಗಿ ಹಾಕಿಕೊಂಡ.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಯೋಸೇಪಪ್ಪ ಎದ್ದು ನಿಂತು, "ಬಿತ್ತೋರಿಗೆ ಸೋಮವಾರ ಇಲ್ಲ, ಹಾಲು ಕರಿಯೋರಿಗಿಲ್ಲ. ನಮ್ ಪಾಸ್ಟ್ರಿಗೆ ಮಾತ್ರ ಐತೆ, ಪದ ಹೇಳಕ್ಕೆ" ಅಂದ. ಚರ್ಚೆಲ್ಲ ನಕ್ಕಿತು. ಅಣ್ಣ ಯಾರ ಮಂಚದ ಪಕ್ಕ ರಾತ್ರಿ ಕಳೆದಿದ್ದನೋ ಅವರೂ ನಕ್ಕರು. ಮಾರನೆಯ ದಿನ ಬೆಳಿಗ್ಗೆಯೇ ಅವನು ಬಾಗಿಲು ತೆರೆದಿಟ್ಟ. ಆಮೇಲೆ ಸೋಮವಾರ ಎಂಬುದು ನಮ್ಮ ಮನೆಗೆ ಬರಲೇ ಇಲ್ಲ. ಯಾರು ಪ್ರಾರ್ಥನೆಗೆ ಕರೆದರೂ ಸೈಕಲ್ಲಿನಲ್ಲಿ ರಾಯಕೋಟೆಯವರೆಗೂ ಹೋಗುತ್ತಿದ್ದ; ಬಂದರೆ ಅನ್ನದ ಮುಂದೆ ಕೂತೇ ತೂಕಡಿಸುತ್ತಿದ್ದ. ಒಂದು ದಿನ ತಾನಾಗಿಯೇ ಅಂದ: "ಬಾಯಿ ಪ್ರಾರ್ಥನೆ ಮಾಡ್ತದೆ ಕಣ್ಲಾ, ನಾನು ಅಲ್ಲಿರಾಕಿಲ್ಲ." ನಾನು ತಲೆ ತಗ್ಗಿಸಿ ಉಂಡೆ. ತಪ್ಪಾಯಿತು ಎನ್ನುವ ಮಾತು ನಾಲಿಗೆಯವರೆಗೂ ಬಂದು ಅನ್ನದ ಜೊತೆ ಒಳಗೆ ಹೋಯಿತು.

ಐವತ್ತು ತುಂಬುವ ಮುಂಚೆಯೇ ಅವನಿಗೆ ಲಕ್ವ ಹೊಡೆಯಿತು. ಸಭೆಗೆ ಹೊಸ ಪಾಸ್ಟರ್ ಬಂದರು, ಎಳೆಯ ವಯಸ್ಸಿನವರು. ಅವರನ್ನು ಬರಮಾಡಿಕೊಂಡ ದಿನ ಅಣ್ಣನನ್ನು ನಾನೇ ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿಸಿದ್ದೆ. ಮುದುಕನಾಗಿದ್ದ ಯೋಸೇಪಪ್ಪ ಕೋಲೂರಿ ಎದ್ದು, "ಸೋಮವಾರ ಪಾಸ್ಟ್ರಿಗೆ ರಜ. ಯಾರೂ ಹೋಗಿ ತೊಂದ್ರೆ ಕೊಡ್ಬ್ಯಾಡ್ರಿ, ಅವ್ರೂ ಮನುಷ್ಯರೇ" ಅಂದ. ನನಗೆ ಎದ್ದು ಕೂಗಬೇಕೆನ್ನಿಸಿತು. ಅಷ್ಟರಲ್ಲಿ ಅಣ್ಣ ಸ್ವಾಧೀನವಿದ್ದ ಕೈಯನ್ನು ನನ್ನ ತೊಡೆಯ ಮೇಲಿಟ್ಟು, ಸೊಟ್ಟ ಬಾಯಲ್ಲಿ, "ಒಳ್ಳೇದಾಯ್ತು. ಆ ಹುಡುಗನಾದ್ರೂ ಉಳ್ಕೊಳ್ಳಿ" ಅಂದ.

ಅವನು ಹೋಗಿ ಎರಡು ವರ್ಷವಾಯಿತು. ಕೊನೆಯವರೆಗೂ ಯೋಸೇಪಪ್ಪನ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ನನ್ನ ಬಗ್ಗೆಯೂ ಆಡಲಿಲ್ಲ. ಆಡಿದ್ದರೆ, ಅನ್ನದ ಜೊತೆ ನುಂಗಿದ್ದ ಆ ಮಾತನ್ನು ನಾನು ಹೇಳಬಹುದಿತ್ತು.