ಅಡುಗೆಮನೆ ಮುಟ್ಟದ ವೈಫೈ

ನಮ್ಮ ಮನೆಯ ರೌಟರ್ ಬದಲಿಸಬೇಕೋ ಬೇಡವೋ ಎಂದು ನಾನು ಮೀನಮೇಷ ಎಣಿಸಲು ಶುರುಮಾಡಿದ್ದು ಒಂದು ಬೇಸಿಗೆಯಲ್ಲಿ. ಎಣಿಸಿ ಮುಗಿಸುವಷ್ಟರಲ್ಲಿ ಕಾಲುವೆಗೆ ಮುಂಗಾರಿನ ನೀರು ಬಿಟ್ಟು, ಭತ್ತ ನಾಟಿಯಾಗಿ, ಕೊಯ್ಲೂ ಮುಗಿದು, ಹಿಂಗಾರಿನ ನೀರು ಬಂದಿತ್ತು. ಅಷ್ಟು ಹೊತ್ತಿನಲ್ಲಿ ಜನ ಮನೆ ಕಟ್ಟಿಸುತ್ತಾರೆ, ಮಗಳ ಮದುವೆ ಮಾಡಿ ಮುಗಿಸುತ್ತಾರೆ. ನಾನು ಅಂಗೈಯಗಲದ ಒಂದು ಡಬ್ಬಿಯ ಬಗ್ಗೆ ವಿಚಾರ ಮಾಡುತ್ತಿದ್ದೆ.

ವಿಚಾರ ಮಾಡುವುದು ನನ್ನ ಹೊಟ್ಟೆಪಾಡು ಕೂಡ. ಶಹಾಪುರದಲ್ಲಿ ಕಾಲುವೆ ಕಚೇರಿಯ ಗುಮಾಸ್ತ ನಾನು. ಕಾಲುವೆಯ ಕೊನೆಯಲ್ಲಿ ಹೊಲ ಇರುವ ರೈತರು ನೀರು ಮುಟ್ಟುತ್ತಿಲ್ಲವೆಂದು ಅರ್ಜಿ ತಂದರೆ ನಾನು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಕನ್ನಡಕ ಏರಿಸಿ ಓದಿ, 'ನೋಡೋಣ್ರಿ' ಎನ್ನುತ್ತೇನೆ. ಈ 'ನೋಡೋಣ್ರಿ' ನನ್ನ ಬಾಯಲ್ಲಿ ಎಷ್ಟು ಪಳಗಿದೆಯೆಂದರೆ, ಹೆಂಡತಿ ಊಟಕ್ಕೆ ಕರೆದರೂ ಮೊದಲು ಅದೇ ಬರುತ್ತದೆ.

ನಮ್ಮ ಮನೆ ಎರಡು ಕಾಲದ್ದು. ಹಿಂದಿನ ಅರ್ಧ ಭಾಗ ಕಾಲುವೆಗಿಂತ ಮೊದಲಿನದು. ಕಲ್ಲು ಮಣ್ಣಿನ ಗೋಡೆ, ಅದರ ಗೂಡಿನಲ್ಲಿ ಕೂಸನ್ನು ಅಡ್ಡ ಮಲಗಿಸಬಹುದು, ಅಷ್ಟು ದಪ್ಪ. ಮುಂದಿನ ಅರ್ಧ ಭಾಗ ಕಾಲುವೆ ಬಂದ ಮೇಲಿನದು. ಹೊಲಕ್ಕೆ ನೀರು ಬಂದು, ಜೋಳದ ಜಾಗದಲ್ಲಿ ಭತ್ತ ನಿಂತು, ಅಪ್ಪನ ಕೈಯಲ್ಲಿ ಒಂದಿಷ್ಟು ದುಡ್ಡು ಆಡತೊಡಗಿದಾಗ ಕಟ್ಟಿಸಿದ ಸಿಮೆಂಟಿನ ಹಾಲ್. ರೌಟರ್ ಇರುವುದು ಈ ಹಾಲ್‌ನಲ್ಲಿ, ಟಿವಿಯ ಪಕ್ಕ, ನಾನು ಕೂರುವ ಜಾಗದ ನೆತ್ತಿಯ ಮೇಲೆ. ಅಡುಗೆಮನೆ ಇರುವುದು ಆ ದಪ್ಪ ಗೋಡೆಯ ಆಚೆ. ಅಲ್ಲಿ ಅವ್ವ ಇರುತ್ತಾಳೆ.

ಅವ್ವನಿಗೆ ಕಿವಿ ಕೇಳಿಸುವುದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಬಂದ ಒಂದು ಜ್ವರ ಹೋಗುವಾಗ ಅವಳ ಕಿವಿಯನ್ನೂ ಕರೆದುಕೊಂಡು ಹೋಯಿತು. ನೌಕರಿ ಸಿಕ್ಕ ಮೇಲೆ ಕಿವಿಗೆ ಹಾಕುವ ಮಷೀನು ತಂದುಕೊಟ್ಟೆ. "ಇದರಾಗ ಮಂದಿ ಮಾತು ಬರಂಗಿಲ್ಲಪ್ಪ, ಬರೇ ಕುಕ್ಕರ್ ಸೀಟಿ ಬರ್ತದ" ಎಂದು ಅದನ್ನು ಸಾಸಿವೆ ಡಬ್ಬಿಗೆ ಹಾಕಿದಳು. ಅವಳು ಮಾತು ಹಿಡಿಯುವುದು ತುಟಿ ನೋಡಿ. ಎದುರಿಗೆ ನಿಂತು ನಿಧಾನ ಮಾತಾಡಿದರೆ ಒಂದಕ್ಷರ ಬಿಡುವುದಿಲ್ಲ. ಎಲ್ಲರಿಗಿಂತ ಚೆನ್ನಾಗಿ ತಿಳಿಯುವುದು ಅವಳ ತಂಗಿಯ ತುಟಿ. ಆ ನಮ್ಮ ಚಿಗವ್ವ ಕೆಂಭಾವಿಯಲ್ಲಿ ಇರುತ್ತಾಳೆ.

ಮೊದಲೆಲ್ಲ ಅವ್ವ ಸಂತೆಯ ನೆಪ ಮಾಡಿಕೊಂಡು ಬಸ್ಸು ಹತ್ತಿ ಹೋಗಿ ತಂಗಿಯನ್ನು ನೋಡಿ ಬರುತ್ತಿದ್ದಳು. ಮೊಣಕಾಲು ಹಿಡಿದುಕೊಂಡ ಮೇಲೆ ಅದೂ ನಿಂತಿತು. ಆಗ ನನ್ನ ಹೆಂಡತಿ ತನ್ನ ಹಳೆಯ ಫೋನು ಕೊಟ್ಟು ವಿಡಿಯೊ ಕಾಲ್ ಮಾಡುವುದನ್ನು ಕಲಿಸಿದಳು. ಅವತ್ತು ಅವ್ವ ಪರದೆಯ ಮೇಲೆ ತಂಗಿಯ ಮುಖ ಕಂಡವಳೇ, "ಏ, ಎಲಿ ಅಡಿಕಿ ಉಗುಳಿ ಬಾ ಮೊದ್ಲ! ಬಾಯಾಗ ಎಲಿ ಇಟಗೊಂಡ್ರ ತುಟಿ ತಿಳಿಯಾಂಗಿಲ್ಲ ನನಗ" ಎಂದು ಬೈದಳು. ಅತ್ತ ಚಿಗವ್ವ ಎದ್ದು ಹೋಗಿ ಉಗುಳಿ ಬಂದಳು. ಅಂದಿನಿಂದ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಇವರಿಬ್ಬರ ಮಾತು. ನಮ್ಮ ವೈಫೈ ಅಷ್ಟು ಪುಣ್ಯದ ಕೆಲಸಕ್ಕೆ ಬಿದ್ದದ್ದು ಅದೇ ಮೊದಲು.

ಆದರೆ ಆ ಗೋಡೆ! ಅದನ್ನು ದಾಟಿ ಅಡುಗೆಮನೆಗೆ ಬರುತ್ತಿದ್ದದ್ದು ಹನಿ ಹನಿ. ಚಿಗವ್ವ ಏನೋ ಹೇಳಲು ಬಾಯಿ ತೆರೆಯುವಳು, ಹಾಗೇ ನಿಂತುಬಿಡುವಳು. ಬೇರೆಯವರಿಗಾದರೆ ಚಿತ್ರ ನಿಂತರೂ ದನಿಯಾದರೂ ಕೇಳುತ್ತದೆ. ಅವ್ವನಿಗೆ ಚಿತ್ರ ನಿಂತರೆ ಮಾತೇ ನಿಂತಂತೆ. "ನಿಂತ್ಲು ನೋಡು" ಎಂದು ಫೋನನ್ನು ಮೊಣಕಾಲ ಮೇಲಿಟ್ಟುಕೊಂಡು, ತಂಗಿ ಮತ್ತೆ ಅಲ್ಲಾಡುವ ತನಕ ಕಾಯುತ್ತಿದ್ದಳು. ಮೊಬೈಲ್ ಸಿಗ್ನಲ್ ಬೇಕೆಂದರೆ ಮಾಳಿಗೆ ಹತ್ತಬೇಕು, ಅವಳ ಕಾಲಿಗೆ ಅದು ಆಗದ ಮಾತು. ಹಾಲ್‌ಗೆ ಬಂದು ಮಾತಾಡು ಎಂದು ನಾವು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹಾಲ್ ಗಂಡಸರು ಕೂರುವ ಜಾಗ. ಹೋಗುವವರು ಬರುವವರು ಇರುತ್ತಾರೆ. ಕಿವಿ ಕೇಳದವಳಾದ್ದರಿಂದ ತಾನು ಎಷ್ಟು ಜೋರಾಗಿ ಮಾತಾಡುತ್ತೇನೆಂಬ ಅಂದಾಜು ತನಗಿಲ್ಲ ಎಂಬ ನಾಚಿಕೆ ಬೇರೆ. ನನಗೆ ಬುದ್ಧಿ ಬಂದಾಗಿನಿಂದ ಅವಳು ಹೊರಗಿನ ಹಾಲ್‌ನ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ನೋಡಿಲ್ಲ ಎಂಬುದೂ ನನಗೆ ಹೊಳೆದಿರಲಿಲ್ಲ.

"ಅತ್ತಿಯವ್ರಿಗೆ ಸರಿಯಾಗಿ ಮಾತಾಡಾಕ ಆಗವಲ್ದು. ರೌಟರ್ ಹಳೀದಾಗ್ಯದ, ಹೊಸಾದು ತರ್ರಿ" ಎಂದಳು ಹೆಂಡತಿ.

"ನೋಡೋಣ" ಎಂದೆ.

ನೋಡುವುದೆಂದರೆ ಹೇಗೆ ನೋಡಿದೆ ಅಂತೀರಿ! ಕಚೇರಿಯಲ್ಲಿ ಊಟದ ಹೊತ್ತಿಗೆ ಎಲ್ಲರ ಮನೆಯ ರೌಟರಿನ ಜಾತಕ ಕೇಳಿದೆ. ಒಬ್ಬರು ಆಂಟೆನಾ ಕಂಬಿ ಎರಡಿದ್ದರೆ ಸಾಕೆಂದರು, ಒಬ್ಬರು ನಾಲ್ಕು ಬೇಕೇ ಬೇಕೆಂದರು. ಮತ್ತೊಬ್ಬರು, ಎಲ್ಲಕ್ಕೂ ಊರ ಗುಡ್ಡವೇ ಅಡ್ಡ ಎಂದು ಕಿಟಕಿಯಾಚೆ ಮಲಗಿದ್ದ ಗುಡ್ಡದ ಕಡೆ ಕೈ ತೋರಿಸಿದರು. ಆ ಗುಡ್ಡ ಅದರ ಪಾಡಿಗೆ ಮಲಗಿದೆ, ಅದನ್ನೂ ಬಿಡಲಿಲ್ಲ ನಾವು. ಸುರಪುರದ ರಂಗಂಪೇಟೆಯಲ್ಲಿ ಸಂಬಂಧಿಕರ ಗೃಹಪ್ರವೇಶಕ್ಕೆ ಹೋದವನು ಊಟ ಬಿಟ್ಟು ಅವರ ಹೊಸ ರೌಟರಿನ ಹೊಟ್ಟೆಯ ಕೆಳಗಿನ ಚೀಟಿ ಓದಲು ಸ್ಟೂಲ್ ಹತ್ತಿದೆ. ಸ್ಟೂಲ್ ಅಲ್ಲಾಡಿತು, ನಾನು ತಂತಿ ಹಿಡಿದೆ, ಮನೆಯ ಇಂಟರ್‌ನೆಟ್ಟೇ ಬಂದ್ ಆಯಿತು. ಸುರಪುರದ ಅಷ್ಟೂ ನೆಂಟರು ಫೋನು ಹಿಡಿದು ನನ್ನನ್ನು ಹುಡುಕುತ್ತ ಬಂದರು. ನಾನು ಹುಗ್ಗಿಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ.

ಆಮೇಲೆ ನನಗೊಂದು ಭಾರಿ ಉಪಾಯ ಹೊಳೆಯಿತು. ಕಾಲುವೆಯಲ್ಲಿ ಕೊನೆಯವರಿಗೆ ನೀರು ಮುಟ್ಟಿಸಲು ಪಾಳಿ ಹಾಕುತ್ತಾರೆ. ಮೇಲಿನ ತೂಬು ಬಂದ್ ಮಾಡಿದರೆ ನೀರು ಕೆಳಗೆ ಹೋಗುತ್ತದೆ. ಹಾಗೆಯೇ ಸಂಜೆ ಅವ್ವನ ಪಾಳಿ! ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ವೈಫೈ ಮುಟ್ಟಕೂಡದೆಂದು ಸಾರಿದೆ. ಹೆಂಡತಿ ಒಪ್ಪಿದಳು. ಕಾಲೇಜಿಗೆ ಹೋಗುವ ಮಗಳು ಗೊಣಗುತ್ತಲೇ ಒಪ್ಪಿದಳು. ಆದರೂ ಚಿಗವ್ವ ನಿಲ್ಲುವುದು ತಪ್ಪಲಿಲ್ಲ. ಯಾರೋ ಮೇಲೆ ನೀರು ಕದಿಯುತ್ತಿದ್ದಾರೆಂದು ನಾನು ಕೂಗಾಡಿದೆ. ಮಗಳು ಬಂದು ನನ್ನ ಕೈಯಲ್ಲಿದ್ದ ಫೋನು ತಿರುಗಿಸಿ ತೋರಿಸಿದಳು. ಯಾವ ರೌಟರ್ ಒಳ್ಳೆಯದು ಎಂದು ಹೇಳುವ ವಿಡಿಯೊ ಓಡುತ್ತಿತ್ತು. ಒಂದು ಮುಗಿದರೆ ಇನ್ನೊಂದು ತಾನಾಗಿ ಬರುತ್ತದೆ, ನಾನೇನು ಮಾಡಲಿ?

"ಅತ್ತಿ ಪಾಳಿ ನೀರಾಗ ನೀವು ಭತ್ತಾ ಬೆಳ್ಯಾಕತ್ತೀರಿ" ಎಂದಳು ಹೆಂಡತಿ.

ಮರ್ಯಾದೆ ಉಳಿಸಿಕೊಳ್ಳಲು ಮರುದಿನವೇ ಯಾದಗಿರಿಯ ಬಸ್ಸು ಹತ್ತಿದೆ. ಸ್ಟೇಷನ್ ಕಡೆಯ ರಸ್ತೆಯಲ್ಲಿ ಅಂಗಡಿ ಸಿಕ್ಕಿತು. ಅಂಗಡಿಯವನು ಒಳ್ಳೆಯ ಮನುಷ್ಯ. ಮನೆ ಎಷ್ಟು ದೊಡ್ಡದು, ಗೋಡೆ ಎಂಥದ್ದು, ಫೋನು ಎಷ್ಟು ಎಂದು ಕೇಳಿದ. ಮೂರಕ್ಕೂ ನನ್ನ ಬಳಿ ಉತ್ತರವಿತ್ತು, ಆದರೆ ಮೂರನ್ನೂ ಹೇಳಿಬಿಟ್ಟರೆ ಅವನು ಡಬ್ಬಿ ಕೊಟ್ಟೇಬಿಡುತ್ತಾನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ. ನಾಳೆ ಇದಕ್ಕಿಂತ ಒಳ್ಳೆಯದು ಬಂದರೆ? "ನೋಡೋಣ್ರಿ, ಮನ್ಯಾಗ ಕೇಳಿ ಬರ್ತೀನಿ" ಎಂದು ಹೊರಬಿದ್ದೆ. ಪಕ್ಕದಲ್ಲೇ ಪೀಠೋಪಕರಣದ ಅಂಗಡಿ. ಹೊರಗೆ ಮೆತ್ತನೆಯ ಕೈಕುರ್ಚಿ ಇಟ್ಟಿದ್ದರು. ಸುಮ್ಮನೆ ಕೂತು ನೋಡಿದೆ. ಅದರ ಬಗ್ಗೆ ಯಾರನ್ನೂ ಏನೂ ಕೇಳಲಿಲ್ಲ. ಸಂಜೆ ಟಂಟಂ ಆಟೋದಲ್ಲಿ ಕುರ್ಚಿಯ ಜೊತೆ ಮನೆ ಮುಂದೆ ಇಳಿದಾಗ ಹೆಂಡತಿ ನನ್ನನ್ನು ನೋಡಿದಳು, ಕುರ್ಚಿಯನ್ನು ನೋಡಿದಳು, ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಕುರ್ಚಿಯನ್ನು ರೌಟರಿನ ಕೆಳಗೇ ಹಾಕಿಕೊಂಡೆ. ಅಲ್ಲಿ ಸಿಗ್ನಲ್ ಬಹಳ ಚೆನ್ನಾಗಿ ಬರುತ್ತದೆ.

ಹೀಗೆ ನನ್ನ ಪರಿಶೀಲನೆ ಸುಖವಾಗಿ ನಡೆದಿರುವಾಗ ಕೆಂಭಾವಿಯಿಂದ ಸುದ್ದಿ ಬಂತು. ಚಿಗವ್ವನ ವಸಡಿಗೆ ಕೀವು ತುಂಬಿ ಹಲ್ಲೆಲ್ಲ ಅಲ್ಲಾಡತೊಡಗಿವೆ, ಎಲ್ಲವನ್ನೂ ಕೀಳಲೇಬೇಕು, ವಸಡು ಮಾಯ್ದ ಮೇಲೆ ಹೊಸ ಹಲ್ಲಿನ ಮಾತು ಎಂದು ದವಾಖಾನೆಯಲ್ಲಿ ಹೇಳಿದ್ದರು. ನಮಗೆ ನಗು ಬಂತು. ಎಲೆ ಅಡಿಕೆ ಇನ್ನು ಕುಟ್ಟಿ ತಿನ್ನಬೇಕು ಪಾಪ, ಎಂದು ನಾನೇ ಅಂದೆ. ಅವ್ವ ನಗಲಿಲ್ಲ.

"ಹಲ್ಲು ಹೋದ್ರ ಬಾಯಿ ಒಳಗ ಹೋಗ್ತದ. ಆಮ್ಯಾಲ ಆಕಿ ಮಾತು ನನಗ ಹೆಂಗ ತಿಳೀಬೇಕು?" ಎಂದಳು.

ನಾವು ಯಾರೂ ಅದನ್ನು ಯೋಚಿಸಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಬಾಯಿ ಅದು. ಅದರ ಆಕಾರವೇ ಬದಲಾದರೆ ಅವ್ವ ತಂಗಿಯ ಮಾತನ್ನು ಮೊದಲಿನಿಂದ ಕಲಿಯಬೇಕು, ಅದೂ ನಿಂತು ನಿಂತು ಅಲ್ಲಾಡುವ ಚಿತ್ರದಲ್ಲಿ. ಅವ್ವ ನನ್ನ ಕಡೆ ತಿರುಗಿ, "ತಮ್ಮಾ, ಅದೇನೋ ಡಬ್ಬಿ ಅಂತಿದ್ದೆಲ್ಲ, ಅದು ಬರ್ತದೇನಪ್ಪ?" ಎಂದು ಕೇಳಿದಳು.

ನಾಳೆಯೇ ತರುತ್ತೇನೆ ಎಂದು ಹೇಳಲೆಂದೇ ಬಾಯಿ ತೆರೆದೆ. ಬಂದದ್ದು, "ನೋಡೋಣವ್ವಾ."

"ನೋಡೋಣ ಅನ್ನೂದು ನಿನ್ನ ತುಟಿ ಮ್ಯಾಲ ಭಾಳ ಚೆಂದ ತಿಳೀತದ ನೋಡು. ಅಷ್ಟು ರೂಢಿ ಆಗ್ಯದ ನನಗ" ಎಂದಳು. ಕೊಂಕಿಲ್ಲ, ಸಿಟ್ಟಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿ ಕೊತ್ತಂಬರಿ ಸೋಸಲು ಕೂತಳು.

ಹಲ್ಲು ಕಿತ್ತಾದ ಮೇಲೆ ಚಿಗವ್ವನ ಮೊದಲ ಕಾಲ್ ಬಂದ ಸಂಜೆ ನಮ್ಮ ಹಾಲ್‌ನಲ್ಲಿ ನನ್ನ ಕಚೇರಿಯ ಇಬ್ಬರು ಚಹಾ ಕುಡಿಯುತ್ತಿದ್ದರು. ನಾನು ಕೈಕುರ್ಚಿಯಲ್ಲಿ ಒರಗಿ, ರೌಟರ್ ಕೊಳ್ಳುವವರು ಯಾವ ಯಾವ ಮೋಸಕ್ಕೆ ಬೀಳುತ್ತಾರೆ ಎಂದು ಅವರಿಗೆ ತಿಳಿಸಿ ಹೇಳುತ್ತಿದ್ದೆ. ಒಳಗಿನಿಂದ ಅವ್ವನ ದನಿ ಕೇಳಿಸುತ್ತಿತ್ತು. "ಹಾಂ? ಏನು? ನಿಂತ್ಲು. ಏ, ನಿಂತ್ಲು." ಸ್ವಲ್ಪ ಹೊತ್ತಿಗೆ ಆ ದನಿಯೂ ನಿಂತಿತು. ನೋಡಿದರೆ ಅವ್ವ ಬಾಗಿಲಲ್ಲಿದ್ದಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ತಂಬಿಗೆ ತರುವವಳ ಹಾಗೆ ಹೊಸ್ತಿಲು ದಾಟಿ ಹಾಲ್‌ಗೆ ಬಂದಳು. ಬಂದವಳು ಸೀದಾ ನನ್ನ ಮುಂದೆ ನಿಂತಳು.

"ಏಳು" ಎಂದಳು.

ಎದ್ದೆ. ಅವಳು ಕೂತಳು. ಚಹಾ ಕುಡಿಯುತ್ತಿದ್ದವರಿಬ್ಬರೂ ಎದ್ದು ನಿಂತುಬಿಟ್ಟರು. ಅವಳು ಅವರ ಕಡೆ ನೋಡಲೇ ಇಲ್ಲ.

ಪರದೆಯ ಮೇಲೆ ಚಿಗವ್ವ ಸ್ವಚ್ಛವಾಗಿ ಕಾಣುತ್ತಿದ್ದಳು. ಕೆನ್ನೆ ಒಳಗೆ ಹೋಗಿ, ತುಟಿ ಸುತ್ತಿಕೊಂಡು, ಬೇರೆ ಯಾರೋ ಮುದುಕಿಯಂತಿದ್ದಳು. ಏನೋ ಅಂದಳು. "ಇನ್ನೊಮ್ಮಿ ಅನ್ನು" ಎಂದಳು ಅವ್ವ. ಅಂದಳು. "ಇನ್ನೊಮ್ಮಿ." ಅವ್ವನ ಮೂಗು ಫೋನಿಗೆ ತಾಗುವಷ್ಟು ಹತ್ತಿರ ಹೋಗಿತ್ತು. ನಾವು ಮೂವರು ಗಂಡಸರು ಕುತ್ತಿಗೆ ಚಾಚಿ ನಿಂತಿದ್ದೆವು. ನನಗಂತೂ ಚಿಗವ್ವನ ದನಿಯಿಂದಲೇ ಮಾತು ಗೊತ್ತಾಗಿತ್ತು, ಆದರೆ ಹೇಳಿಕೊಡಲು ಧೈರ್ಯ ಬರಲಿಲ್ಲ.

"ಗಂಜಿ?" ಎಂದಳು ಅವ್ವ. "ಗಂಜಿ ಕುಡದೀ?"

ಅತ್ತ ಚಿಗವ್ವ ಹೌದೆಂದು ಜೋರಾಗಿ ತಲೆ ಹಾಕಿದಳು. ಅಕ್ಕತಂಗಿ ಇಬ್ಬರೂ ನಕ್ಕರು. ನಗುತ್ತಲೇ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ. ಆಮೇಲೆ ಅವ್ವನ ಮಾತು ಶುರುವಾಯಿತು, ಇಡೀ ಓಣಿಗೆ ಕೇಳುವ ಹಾಗೆ. "ಹ್ಞೂಂ, ಹೊರಗ ಕುಂತೀನಿ, ಕುರ್ಚಿ ಮ್ಯಾಲ. ಅವನಾ? ಇಲ್ಲೇ ಅದಾನ. ಡಬ್ಬಿ ನೋಡಾಕತ್ತಾನ. ಬ್ಯಾಸಗಿಯಿಂದ ನೋಡಾಕತ್ತಾನ. ಇನ್ನೂ ಕಂಡಿಲ್ಲಂತ ಅವಂಗ." ನನ್ನ ಗೆಳೆಯರು ಖಾಲಿ ಕಪ್ಪಿನ ತಳವನ್ನು ಬಹಳ ಶ್ರದ್ಧೆಯಿಂದ ನೋಡಿದರು.

ಮರುದಿನವೂ ದೀಪ ಹಚ್ಚಿದ ಕೂಡಲೇ ಅವ್ವ ಬಂದು ಕುರ್ಚಿ ಹಿಡಿದಳು. ಅವಳ ಮಾತಿನ ನಡುವೆ ಕೂರಲಾರದೆ ನಾನು ಫೋನು ಹಿಡಿದು ಅಡುಗೆಮನೆಗೆ ಹೋದೆ. ಅವಳು ಕೂರುತ್ತಿದ್ದ ಮಣೆಯ ಮೇಲೆ ಕೂತೆ. ಒಂದು ವಿಡಿಯೊ ಒತ್ತಿದೆ. ಪರದೆಯ ಮೇಲೆ ಗಾಲಿ ತಿರುಗತೊಡಗಿತು. ತಿರುಗಿತು, ತಿರುಗಿತು. ಫೋನನ್ನು ಕಿಟಕಿಗೆ ಹಿಡಿದೆ, ಉಪ್ಪಿನಕಾಯಿ ಜಾಡಿಯ ಮೇಲಿಟ್ಟೆ, ತಲೆಯ ಮೇಲೆ ಎತ್ತಿದೆ. ಹೆಂಡತಿ ಬೆಳ್ಳುಳ್ಳಿಯ ಬುಟ್ಟಿಯನ್ನು ನನ್ನ ಮುಂದೆ ಸರಿಸಿದಳು. "ಅದು ತಿರಗತಿರ್ತದ. ನೀವು ಇದನ್ನ ಸುಲೀರಿ" ಎಂದಳು. ಉಗುರಿನಲ್ಲಿ ಸಿಪ್ಪೆ ಚುಚ್ಚಿತು. ಥೂ, ಇದೆಂಥ ಬಾಳು ಎಂದು ನನಗೆ ನಿಜವಾಗಿ ಸಿಟ್ಟು ಬಂತು.

ಮಾರನೆಯ ಬೆಳಿಗ್ಗೆ ರಜೆ ಹಾಕಿ ಯಾದಗಿರಿಗೆ ಹೋಗಿ, ಅಂಗಡಿಯವನ ಪ್ರಶ್ನೆಗಳಿಗೆ ಪಟಪಟ ಉತ್ತರ ಕೊಟ್ಟು, ಎರಡು ಡಬ್ಬಿಯ ರೌಟರ್ ತಂದೆ. ಒಂದು ಹಾಲ್‌ಗೆ, ಅದರ ಜೋಡಿ ಗೋಡೆಯಾಚೆ ಅಡುಗೆಮನೆಗೆ. ಮಗಳು ಕೂರಿಸಿದಳು. ಅಡುಗೆಮನೆಯಲ್ಲಿ ವಿಡಿಯೊ ಒತ್ತಿದ ಕೂಡಲೇ ಓಡಿತು. ನಾನು ಊರು ಗೆದ್ದವನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ಅತ್ತಿ ಸಲುವಾಗಿ ಬ್ಯಾಸಗಿ, ಮಳಿಗಾಲ ಎರಡೂ ಸಾಲಲಿಲ್ಲ. ನಿಮ್ಮ ಸಲುವಾಗಿ ಒಂದ್ ಸಂಜಿ ಸಾಕಾತು" ಎಂದಳು ಹೆಂಡತಿ. ಮುಖಕ್ಕೆ ಮಂಗಳಾರತಿ ಆಯಿತು. ಹೌದಲ್ಲ ಎನಿಸಿತು, ಬಹಳ ಕೆಟ್ಟದೆನಿಸಿತು.

ಅದನ್ನು ತೊಳೆದುಕೊಳ್ಳಲೆಂದೇ ಹಾಲ್‌ಗೆ ಹೋಗಿ ಅವ್ವನ ಎದುರು ನಿಂತು, ಬಾಯಿ ಅಗಲ ಮಾಡಿ ಹೇಳಿದೆ: "ಅವ್ವಾ, ಈಗ ಅಡಿಗಿ ಮನ್ಯಾಗೂ ಬರ್ತದ. ಒಂದೀಟೂ ನಿಲ್ಲಂಗಿಲ್ಲ. ನೀ ಒಳಗ ಆರಾಮ ಕುಂತು ಮಾತಾಡು."

"ಹೌದಾ? ಛಲೋ ಆತು" ಎಂದಳು. ಕುರ್ಚಿಯಿಂದ ಏಳಲಿಲ್ಲ. ಕುರ್ಚಿಯ ಕೈಯನ್ನು ಒಮ್ಮೆ ಸವರಿ ನೋಡಿಕೊಂಡಳು.

"ಅಲ್ಲಿ ಒಲಿ ಕಡಿ ಮಾರಿ ಮಾಡಿ ಕುಂತಿರ್ತೀನಿ. ನೀವೆಲ್ಲಾ ಬೆನ್ನ ಹಿಂದ ಬಂದು ಏನರ ಅಂದು ಹೋಗ್ತೀರಿ, ನನಗ ತಿಳಿಯಾಂಗಿಲ್ಲ. ಇಲ್ಲಿ ಕುಂತ್ರ ಎಲ್ಲಾರ ಮಾರಿ ಕಾಣ್ತಾವ. ಇಷ್ಟು ವರ್ಷ ಈ ಮನ್ಯಾಗ ಏನೇನ್ ಮಾತಾಡಿದ್ರೋ ಏನೋ, ಯಾರಿಗ್ ಗೊತ್ತು! ಇನ್ನರ ನೋಡ್ತೀನಿ. ನಾ ಇಲ್ಲೇ ಕುಂಡ್ರಲೇನು?"

ನನ್ನ ಬಾಯಿಗೆ ರೂಢಿಯ ಮಾತು ಬಂತು. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡೆ. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ತಂದು ಅವಳಿಗೆ ಎದುರಾಗಿ ಹಾಕಿ, ಅವಳಿಗೆ ಮುಖ ಕಾಣುವ ಹಾಗೆ ಕೂತೆ.

"ಹಂಗ ಕುಂಡ್ರು" ಎಂದಳು ಅವ್ವ. "ಖಾಲಿ ಕೈಲೆ ಯಾಕ ಕುಂಡ್ರತಿ, ಬಳ್ಳೊಳ್ಳಿ ಬುಟ್ಟಿ ಇಲ್ಲೇ ತಗೊಂಡ್ ಬಾ."